ಏರಿನಲ್ಲಿ ನಡೆದರೆ ತಪ್ಪೇ?

ಪ್ರಶ್ನೆ: 50 ಕಿ.ಮೀ. ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ) ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಭಾನುವಾರ ಜೋಗಿಮಟ್ಟಿ ಬೆಟ್ಟದ ಕಡೆ 30 ಕಿ.ಮೀ. ಅಭ್ಯಾಸ ಮಾಡಿದೆ. ಬರೀ ನೀರು ಕುಡಿದಿದ್ದೆ. ಹೊಟ್ಟೆ ತೊಳಸಿತು, ಏರಿನಲ್ಲಿ ನಡೆದುಬಿಟ್ಟೆ. ನನ್ನ ಕೈಲಾಗುತ್ತದೆಯೇ?
– ಓದುಗ, ಚಿತ್ರದುರ್ಗ

ಉತ್ತರ: ಖಂಡಿತ ಆಗುತ್ತದೆ. ನಡೆದಿದ್ದಕ್ಕೆ ನಾಚಬೇಡಿ, ಕಡಿದಾದ ಏರನ್ನು ಪಳಗಿದ ಓಟಗಾರರೂ ನಡೆದೇ ಹತ್ತುತ್ತಾರೆ. ಆ ದಾರಿಯಲ್ಲಿ ಆಡುಮಲ್ಲೇಶ್ವರ ದಾಟಿದ ಮೇಲೆ ನಾನೂ ತೊಡೆಗೆ ಕೈಯೂರಿ, ಬಗ್ಗಿ, ಪುಟ್ಟ ಹೆಜ್ಜೆ ಇಡುತ್ತಾ ಹೋಗುವವನೇ.

ನನಗೆ ಚಿಂತೆಯಾಗಿದ್ದು ಆ ಬರೀ ನೀರಿನದು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಬಾಯಾರಿದಷ್ಟೇ ಕುಡಿಯಿರಿ, ಓಆರ್‌ಎಸ್ ಜೊತೆಗಿರಲಿ. ಅರ್ಧ ಗಂಟೆಗೊಮ್ಮೆ ಒಂದೆರಡು ಖರ್ಜೂರ ಇಲ್ಲವೇ ಶೇಂಗಾ ಚಿಕ್ಕಿ, ಹಸಿವಾಗುವ ಮೊದಲೇ. ಇನ್ನು, ಜೋಗಿಮಟ್ಟಿ ವನ್ಯಜೀವಿಧಾಮ. ಅನುಮತಿ ಪಡೆದು, ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಿ.