ಓದುಗರ ಪ್ರಶ್ನೆ, ಸಭಾಪಾಲಕರ ಉತ್ತರ: ‘ಎಲ್ಲ ಜನಾಂಗದವರಿಗೂ’ ಎಂಬ ಆಜ್ಞೆಯ ಕುರಿತು

ಪ್ರಶ್ನೆ: ನಾನು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಹತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಅಕ್ಕಪಕ್ಕದ ಮೆಷಿನ್‌ಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂರುತ್ತಾರೆ. ಎಲ್ಲ ಜನಾಂಗದವರಿಗೂ ಸುವಾರ್ತೆ ಸಾರಬೇಕೆಂಬುದು ಯೇಸುಸ್ವಾಮಿಯ ಆಜ್ಞೆ ಎಂದು ಸಭೆಯಲ್ಲಿ ಪದೇಪದೇ ಕೇಳುತ್ತೇನೆ, ಆದರೆ ಅಲ್ಲಿ ಬಾಯಿ ತೆರೆಯಲು ನನಗೆ ಅಳುಕು. ಸುಮ್ಮನಿರುವುದು ಆಜ್ಞೆಯನ್ನು ಮೀರಿದಂತಾಗುತ್ತದೆಯೇ?
– ಒಬ್ಬ ಸಹೋದರಿ, ಬಳ್ಳಾರಿ

ಉತ್ತರ: ಸಹೋದರಿ, ನಿಮ್ಮ ಅಳುಕನ್ನು ನಾನು ಅವಿಶ್ವಾಸವೆಂದು ಎಣಿಸುವುದಿಲ್ಲ. ನೆರೆಯವರ ಮನಸ್ಸನ್ನು ನೋಯಿಸಬಾರದೆಂಬ ಕಾಳಜಿಯೂ ಅದರಲ್ಲಿದೆ.

ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದ ಕೊನೆಯ ವಚನಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿರಿ. ಮೂಲ ಗ್ರೀಕ್ ವಾಕ್ಯದಲ್ಲಿ ಆಜ್ಞೆಯ ರೂಪದಲ್ಲಿರುವ ಮುಖ್ಯ ಕ್ರಿಯಾಪದ ಒಂದೇ, ಅದು ‘ಶಿಷ್ಯರನ್ನಾಗಿ ಮಾಡಿರಿ’ ಎಂಬುದು. ಹೊರಟುಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಇವೆಲ್ಲ ಆ ಒಂದು ಕ್ರಿಯೆಯನ್ನು ಆತುಕೊಂಡು ಬರುವ ಮಾತುಗಳು. ಶಿಷ್ಯತ್ವವಾದರೋ ಒಂದು ಭಾಷಣದಿಂದ ಹುಟ್ಟುವುದಿಲ್ಲ. ಗುರುವಿನ ಜೊತೆ ನಡೆದು, ಉಂಡು, ಕೇಳಿ, ಪ್ರಶ್ನಿಸಿ, ಬಹುಕಾಲ ಒಡನಾಡಿದ ಮೇಲೆ ಬರುವಂಥದ್ದು. ಇನ್ನು ಪೇತ್ರನು ತನ್ನ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ, ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಹೇಳಿರಿ ಎಂದು ಬರೆಯುತ್ತಾನೆ. ಕೇಳುವವರಿದ್ದಾಗ ಉತ್ತರಿಸುವ ಸಿದ್ಧತೆ ನಿಮ್ಮದಾಗಿರಲಿ.

ನನ್ನ ತಾಯಿ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದರು. ಮಧ್ಯಾಹ್ನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವ ಮುಂಚೆ, ಕೈಗೆ ಅಂಟಿದ ಕೆಸರು ಒರೆಸಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಒಂದು ದಿನ ಜೊತೆಯ ಹೆಣ್ಣುಮಗಳೊಬ್ಬಳು, “ದಿನಾ ಏನು ಬೇಡಿಕೊಂತೀಯಬೇ?” ಎಂದು ಕೇಳಿದಳು. “ಇಲ್ಲಿ ಕುಂತೋರೆಲ್ಲರ ಮನ್ಯಾಗೂ ರೊಟ್ಟಿ ಇರಲಿ ಅಂತ” ಎಂದರು ತಾಯಿ. ಮುಂದಿನ ವರ್ಷ ಆಕೆಯ ಮಗುವಿಗೆ ಜ್ವರ ಏರಿದಾಗ ಆಕೆ ನಮ್ಮ ಮನೆಗೆ ಬಂದು, ನಿಮ್ಮ ಸ್ವಾಮಿಗೆ ಹೇಳಬೇ ಎಂದು ಕೇಳಿಕೊಂಡಳು. ಅಂದೇ ಮೊದಲ ಬಾರಿಗೆ ತಾಯಿ ಯೇಸುವಿನ ಕಥೆಯನ್ನು ಆಕೆಗೆ ಹೇಳಿದ್ದು. ಆಕೆ ದೀಕ್ಷಾಸ್ನಾನ ಪಡೆಯಲಿಲ್ಲ. ನನ್ನ ತಾಯಿ ತೀರಿಕೊಂಡ ದಿನ, ಒಲೆ ಹಚ್ಚದ ನಮ್ಮ ಮನೆಗೆ ರೊಟ್ಟಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂದವಳು ಆಕೆಯೇ. ತಾಯಿಯ ಸಾಕ್ಷಿ ಸೋತಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಕೆಲಸದ ಹೊತ್ತು ಮಾಲೀಕರಿಂದ ಕೂಲಿ ಪಡೆದ ಹೊತ್ತು. ಅದನ್ನು ಬೋಧನೆಗೆ ಬಳಸುವುದು ಸರಿಯಲ್ಲ. ಊಟದ ಬಿಡುವಿನಲ್ಲಿ, ಭಾನುವಾರ ರಜೆ ಏಕೆ ಬೇಕೆಂದು ಗೆಳತಿ ಕೇಳಿದರೆ, ಇದ್ದದ್ದನ್ನು ಇದ್ದಂತೆ ಹೇಳಿರಿ. ಮುಂದೆ ನೀವು ಮೇಲ್ವಿಚಾರಕಿಯಾದರೆ ಇನ್ನಷ್ಟು ಎಚ್ಚರವಿರಲಿ, ಏಕೆಂದರೆ ಕೈಕೆಳಗಿನವರು ‘ಆಯ್ತಕ್ಕ’ ಎಂದಾಗ ಅದು ಮನಸ್ಸಿನ ಮಾತೋ ಹಾಜರಿ ಪುಸ್ತಕದ ಭಯವೋ ಎಂದು ತಿಳಿಯುವುದು ಕಷ್ಟ.

ಪ್ರಶ್ನೆ: ‘ಎಲ್ಲ ಜನಾಂಗ’ ಎಂದರೆ ಎಲ್ಲ ದೇಶಗಳೆಂದು ಅರ್ಥವೇ? ಹೊರದೇಶದವರು ತಂದ ಧರ್ಮ ನಮ್ಮ ಭಾಷೆ, ನಮ್ಮ ರೀತಿನೀತಿಗೆ ಹೊಂದುವುದಿಲ್ಲ ಎಂದು ಕಾಲೇಜಿನ ಸ್ನೇಹಿತರು ಹೇಳುತ್ತಾರೆ. ಏನು ಉತ್ತರ ಕೊಡಲಿ?
– ಒಬ್ಬ ವಿದ್ಯಾರ್ಥಿ, ಗಂಗಾವತಿ

ಉತ್ತರ: ಅಲ್ಲಿ ಬಳಕೆಯಾಗಿರುವುದು ‘ಎತ್ನೆ’ ಎಂಬ ಗ್ರೀಕ್ ಪದ. ಇಂದಿನ ಗಡಿ, ಬಾವುಟಗಳುಳ್ಳ ದೇಶಗಳಿಗಿಂತ ಒಂದು ನುಡಿ, ಒಂದು ಬಾಳುವೆಯಿಂದ ಕೂಡಿದ ಜನಸಮುದಾಯ ಎಂಬ ಅರ್ಥಕ್ಕೆ ಅದು ಹತ್ತಿರ. ಹಾಗೆ ನೋಡಿದರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಸೀಮೆಯಲ್ಲೇ ಎಷ್ಟೋ ‘ಜನಾಂಗ’ಗಳಿವೆ.

ಕ್ರೈಸ್ತ ಸಭೆ ಹುಟ್ಟಿದ ದಿನ ನಡೆದದ್ದನ್ನು ಗಮನಿಸಿರಿ. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಪಾರ್ಥ್ಯರೂ ಮೇದ್ಯರೂ ಐಗುಪ್ತದವರೂ ಅರಬಿಯರೂ ತಮ್ಮತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದರು. ಎಲ್ಲರೂ ಹೀಬ್ರೂ ಕಲಿತು ಬನ್ನಿರೆಂದು ಯಾರೂ ಹೇಳಲಿಲ್ಲ. ಮುಂದೆ 15ನೆಯ ಅಧ್ಯಾಯದಲ್ಲಿ, ಅನ್ಯಜನರು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾದ ಮೇಲೆಯೇ ಕ್ರಿಸ್ತನವರಾಗಬೇಕೇ ಎಂಬ ದೊಡ್ಡ ವಾದ ಎದ್ದಾಗ, ಆ ಹೊರೆಯನ್ನು ಅವರ ಮೇಲೆ ಹೊರಿಸಬಾರದೆಂದು ಯೆರೂಸಲೇಮಿನ ಸಭೆ ತೀರ್ಮಾನಿಸಿತು. ಕ್ರೈಸ್ತನಾಗಲು ತನ್ನ ನುಡಿಯನ್ನೂ ನೆಲವನ್ನೂ ತೊರೆಯಬೇಕಿಲ್ಲ ಎಂಬ ಮಾತು ಅಲ್ಲೇ ಗಟ್ಟಿಯಾಯಿತು.

ನಮ್ಮ ಬಳ್ಳಾರಿಯ ಕಥೆಯನ್ನೂ ನಿಮ್ಮ ಸ್ನೇಹಿತರಿಗೆ ಹೇಳಿರಿ. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿ, ಯಾವುದೇ ಒಂದು ಪಂಗಡದ ಸಭಾಪದ್ಧತಿಯನ್ನು ಹೊರಗೆ ಸಾಗಿಸದೆ ಸುವಾರ್ತೆಯನ್ನಷ್ಟೇ ಕಳುಹಿಸುವುದೆಂದು ನಿಶ್ಚಯಿಸಿಕೊಂಡಿತ್ತು. ಆ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಈಸ್ಟ್ ಇಂಡಿಯಾ ಕಂಪನಿಯು ಮಿಷನರಿಗಳನ್ನು ಅನುಮಾನದಿಂದ ಕಾಣುತ್ತಿದ್ದ ಕಾಲ ಅದು. 1813ರಲ್ಲಿ ಬ್ರಿಟಿಷ್ ಸಂಸತ್ತು ಕಂಪನಿಯ ಸನದನ್ನು, ಅಂದರೆ ಹಕ್ಕುಪತ್ರವನ್ನು, ನವೀಕರಿಸಿದ ನಂತರವೇ ಮಿಷನರಿಗಳಿಗೆ ಬಾಗಿಲು ಸಡಿಲವಾದದ್ದು. ಕನ್ನಡ ಒಂದಕ್ಷರವೂ ಬಾರದ ಆ ಮನುಷ್ಯ ಇಲ್ಲಿ ಕೂತು ಭಾಷೆ ಕಲಿತರು, ಸುವಾರ್ತೆಗಳನ್ನು ಕನ್ನಡಕ್ಕೆ ತರಲು ತೊಡಗಿದರು, ಮುಂದೆ ವಿಲಿಯಂ ರೀವ್ ಅವರ ಜೊತೆಗೂಡಿ ದುಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಎರಡು ದಶಕಗಳ ಈ ದುಡಿಮೆಯಲ್ಲಿ ರೀವ್ ಅವರು ಕನ್ನಡ–ಇಂಗ್ಲಿಷ್ ನಿಘಂಟನ್ನೂ ಕಟ್ಟಿದರು. ಅದು 1832ರಲ್ಲಿ ಹೊರಬಂದಿತು. ಕಿಟೆಲ್ಲರ ಹೆಸರಾಂತ ನಿಘಂಟಿಗೆ 1894ರವರೆಗೆ ಕಾಯಬೇಕಿತ್ತು ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ಹೇಳಲು ಬಂದವರು ಮೊದಲು ಕೇಳಿಸಿಕೊಳ್ಳುವವರಾದರು. ನನಗೆ ಇದು ಅವರ ಬೋಧನೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಕಹಿಯನ್ನು ಮುಚ್ಚಿಡಬಾರದು. ಅವರ ಬೆನ್ನ ಹಿಂದೆ ದಂಡಿನ ಊರೂ ಆಳುವವರ ಅಧಿಕಾರವೂ ಇದ್ದವು, ಆ ನೆರಳು ಸುವಾರ್ತೆಯ ಮೇಲೆ ಬಿದ್ದಿತು. 1910ರಲ್ಲಿ ಎಡಿನ್‌ಬರೋ ನಗರದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ತಮಿಳುನಾಡಿನ ವಿ. ಎಸ್. ಅಜರಯ್ಯ ಅವರು ಇದನ್ನು ನೇರವಾಗಿ ಆಡಿ ತೋರಿಸಿದರು. ನೀವು ಬಡವರಿಗಾಗಿ ಆಸ್ತಿ ಕೊಟ್ಟಿದ್ದೀರಿ, ದೇಹವನ್ನೂ ಕೊಟ್ಟಿದ್ದೀರಿ, ಆದರೆ ನಮಗೆ ಬೇಕಾದದ್ದು ಪ್ರೀತಿ, ನಮಗೆ ಸ್ನೇಹಿತರನ್ನು ಕೊಡಿರಿ ಎಂಬುದು ಅವರ ಮಾತಿನ ಸಾರ. ಎರಡೇ ವರ್ಷಗಳಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾಗಿ ತೆಲುಗು ನಾಡಿನ ದೋರ್ನಕಲ್‌ನಲ್ಲಿ ನಿಂತರು. ನಿಮ್ಮ ಸ್ನೇಹಿತರ ಆಕ್ಷೇಪದಲ್ಲಿರುವ ನೋವನ್ನು ಮೊದಲು ಒಪ್ಪಿಕೊಂಡು ಆಮೇಲೆ ಉತ್ತರಿಸಿರಿ.

ಪ್ರಶ್ನೆ: ನಮ್ಮ ಯುವಕರ ಸಂಘ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ ಹಂಚುತ್ತದೆ. ಚೀಲದೊಳಗೆ ಸುವಾರ್ತೆಯ ಕರಪತ್ರ ಇಡೋಣವೆಂದು ಕೆಲವರು, ಬೇಡವೆಂದು ಕೆಲವರು ಹೇಳುತ್ತಿದ್ದಾರೆ.
– ಸಂಘದ ಕಾರ್ಯದರ್ಶಿ, ಮಾನ್ವಿ

ಉತ್ತರ: ಇಡಬೇಡಿರಿ. ತಮ್ಮ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕಾನೂನು ಸುಮ್ಮನಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಲೂಕನ 17ನೆಯ ಅಧ್ಯಾಯದಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದನು, ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಸ್ವಾಮಿ ಕೇಳಿದನೇ ಹೊರತು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ಹಸಿದವರ ಕೈಗೆ ಚೀಲದ ಜೊತೆ ಕರಪತ್ರವನ್ನೂ ಕೊಟ್ಟರೆ, ಬೇಡವೆನ್ನುವ ಸ್ವಾತಂತ್ರ್ಯವನ್ನು ಅವರಿಂದ ಕಸಿದಂತಾಗುತ್ತದೆ. ಯಾಕೆ ಕೊಡುತ್ತೀರಿ ಎಂದು ಅವರೇ ಕೇಳಿದರೆ ಆಗ ಕೂತು ಮಾತನಾಡಿರಿ, ಅದು ಬೇರೆ ಮಾತು. ಇನ್ನೊಂದು ಸಂಗತಿ: ನೀವು ಕಳುಹಿಸಿದ ಕುಟುಂಬಗಳ ಪಟ್ಟಿಯಲ್ಲಿ ‘ಸಭೆಗೆ ಬರುವವರು’, ‘ಬಾರದವರು’ ಎಂದು ಎರಡು ಕಾಲಂ ಕಂಡೆ. ಮುಂದಿನ ಹಂಚಿಕೆಯ ಮುಂಚೆ ಅವೆರಡನ್ನೂ ತೆಗೆದುಹಾಕಿ, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂಬ ಒಂದೇ ಕಾಲಂ ಬರೆಯಿರಿ.