15 ವರ್ಷದ ಏರ್‌ಫೋರ್ಸ್ ಅನುಭವ ಇದ್ದರೂ ಏರ್‌ಲೈನ್ಸ್ ಲೈಸೆನ್ಸ್ ಕೇಳೋದು ಯಾಕೆ?

ಏರ್‌ಫೋರ್ಸ್‌ನಲ್ಲಿ 15 ವರ್ಷ ರೇಡಾರ್ ಕೆಲಸ ಮಾಡಿ ಈಗ ಹೊರಬರ್ತಿರೋ ಒಬ್ಬರು ಬರೆದು ಕೇಳಿದ ಪ್ರಶ್ನೆ ಇದು. ಅವರಿಗೆ ನನ್ನ ಉತ್ತರ: ನಿಮ್ಮ ಕೆಲಸದಲ್ಲಿ ಕೊರತೆ ಏನಿಲ್ಲ, ಕೊರತೆ ಇರೋದು ಕಾಗದದಲ್ಲಿ. ಏರ್‌ಫೋರ್ಸ್‌ನ ಟ್ರೇಡ್ ಸರ್ಟಿಫಿಕೇಟ್ ಇಟ್ಟುಕೊಂಡು ಸಿವಿಲ್ ವಿಮಾನ ಹಾರಾಟಕ್ಕೆ ಸಿದ್ಧ ಅಂತ ಸಹಿ ಹಾಕೋಕೆ ಆಗಲ್ಲ. ಅದಕ್ಕೆ ದೇಶದ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಡೋ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಲೈಸೆನ್ಸ್ ಬೇಕು; ಏವಿಯಾನಿಕ್ಸ್‌ನವರಿಗೆ, ಅಂದ್ರೆ ವಿಮಾನದ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳೋರಿಗೆ, ಅದರಲ್ಲಿ ಬಿ2 ಅನ್ನೋ ವಿಭಾಗ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು 'ರೇಡಾರ್' ಅಂತಷ್ಟೇ ಬರೆದಿದ್ದೀರಿ. ವಿಮಾನದೊಳಗಿನದ್ದೋ, ನೆಲದ ಮೇಲಿನದ್ದೋ? ನೆಲದ್ದಾದರೆ ಬಿ2ಗೆ ಅದು ವಿಮಾನದ ಅನುಭವ ಆಗೋದು ಕಷ್ಟ. ಆಗ ಏರ್‌ಪೋರ್ಟ್ಸ್ ಅಥಾರಿಟಿಯ ಎಲೆಕ್ಟ್ರಾನಿಕ್ಸ್ ಹುದ್ದೆಗಳೇ ಸರಿ, ವಿಮಾನಕ್ಕೆ ಇಳಿಯೋ ದಾರಿ ತೋರಿಸೋ ಐಎಲ್‌ಎಸ್, ದೂರ ತಿಳಿಸೋ ಡಿಎಂಇ ಥರದ ನೆಲದ ಉಪಕರಣ ನೋಡಿಕೊಳ್ಳೋ ಕೆಲಸ.

ವಿಮಾನದ್ದೇ ಆದರೆ ಸೇವೆಯಿಂದ ಹೊರಬರೋ ಮೊದಲೇ ಯೂನಿಟ್‌ನಿಂದ ಅನುಭವದ ಪತ್ರ ತಗೊಳ್ಳಿ. ಸುಮ್ನೆ '15 ವರ್ಷ ಸೇವೆ' ಅಂತಿದ್ದರೆ ಸಾಲದು. ಯಾವ ವಿಮಾನ, ಯಾವ ತಾರೀಖು, ಏನು ಮಾಡಿದಿರಿ ಅಂತ ಇರಬೇಕು: 'ರೇಡಿಯೋ ಆಲ್ಟಿಮೀಟರ್ ಆಂಟೆನಾ ಬದಲಿಸಿ ಟೆಸ್ಟ್ ಮಾಡಿದೆ', ಈ ಥರ.

ಆಮೇಲೆ ಲೈಸೆನ್ಸ್‌ಗೆ ಬರೆಯೋ ಮಾಡ್ಯೂಲ್ (ವಿಷಯವಾರು) ಪರೀಕ್ಷೆಗಳು, ಪಾಸಾಗೋಕೆ 75 ಪರ್ಸೆಂಟ್. ಮಾಡ್ಯೂಲ್ 4 ಮತ್ತು 5 ಎಲೆಕ್ಟ್ರಾನಿಕ್ಸ್, ನಿಮಗೆ ನೀರು ಕುಡಿದಷ್ಟು ಸುಲಭ. ನಮ್ಮಂಥವರು ಎಡವೋದು 10ರಲ್ಲಿ, ಅದು ಪೂರ್ತಿ ಕಾನೂನು, ನಾನೂ ಅಲ್ಲೇ ಬಿದ್ದೆ. ಅದನ್ನೇ ಮೊದಲು ಓದಿ.

ಓದುತ್ತಾ ಇರುವಾಗಲೇ ಯಾವುದಾದರೂ ಎಂಆರ್‌ಒದಲ್ಲಿ (ವಿಮಾನಗಳ ರಿಪೇರಿ, ನಿರ್ವಹಣೆ ಮಾಡೋ ಕಂಪನಿ) ಟೆಕ್ನಿಷಿಯನ್ ಆಗಿ ಸೇರಿಕೊಳ್ಳಿ, ಸಂಬಳ ಕಡಿಮೆ ಅನ್ನಿಸಿದರೂ ಸರಿ. ಮಿಲಿಟರಿ ಅನುಭವದ ಜೊತೆ ಸಿವಿಲ್ ವಿಮಾನದ ಅನುಭವವೂ ಬೇಕೇಬೇಕು. ಹಳೆಯದರಲ್ಲಿ ಎಷ್ಟು ಒಪ್ಪುತ್ತಾರೆ ಅನ್ನೋದು ನಿಮ್ಮ ದಾಖಲೆ ನೋಡಿ ಡಿಜಿಸಿಎ ತೀರ್ಮಾನಿಸೋದು, ಹಾಗಾಗಿ ಪತ್ರ ಕೈಗೆ ಬಂದ ತಕ್ಷಣ ಅವರ ಪ್ರಾದೇಶಿಕ ಕಚೇರಿಗೆ ಹೋಗಿ ತೋರಿಸಿ.