ರಾಗಿಹಿಟ್ಟಿನ ಡಬ್ಬಿಯಲ್ಲಿದ್ದ ಮಾತ್ರೆ

ರಾತ್ರಿ ಹಲ್ಲು ಕಡಿಯುವವರನ್ನು ಮನೆಯವರು ನನ್ನ ಬಳಿಗೆ ಕರೆತರುವುದು ಹೊಸದಲ್ಲ. ಬರುವ ಹೊತ್ತಿಗೆ ಹೊಟ್ಟೆಹುಳದ ಮಾತ್ರೆ ನುಂಗಿಸಿ ಆಗಿರುತ್ತದೆ. ಈ ಪ್ರಕರಣ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಂಡ್ಯ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿದವರು. ಗಂಡನದು ಆಲೆಮನೆ. "ಗಾಣಕ್ಕೆ ಕಬ್ಬು ಕೊಟ್ಟಂಗೆ ಕರಕರ ಅಂತದೆ ಮೇಡಂ, ಮಕ್ಕಳೂ ಎದ್ದು ಕೂತ್ಕತವೆ" ಎಂದರು ಆತ. ಬೆಳಗ್ಗೆ ಆಕೆಗೆ ದವಡೆ ಬಿಗಿ, ಕಣತಲೆ ನೋವು. ಮೈಸೂರಿನ ದಂತವೈದ್ಯರು ಸವೆದು ಚಪ್ಪಟೆಯಾದ ಹಲ್ಲುಗಳನ್ನೂ ಕಿವಿಯ ಕೆಳಗೆ ದಪ್ಪಗಾದ ಸ್ನಾಯುವನ್ನೂ ನೋಡಿ, ಅಳತೆ ತೆಗೆದು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಕೊಟ್ಟಿದ್ದರು. ಗಾರ್ಡ್ ಹಲ್ಲು ಸವೆಯದಂತೆ ಕಾಯುತ್ತದೆ, ಕಡಿಯುವುದನ್ನೇ ನಿಲ್ಲಿಸುವುದಿಲ್ಲ. ಟೆನ್ಷನ್ ಇರಬಹುದೆಂದು ನನ್ನ ಬಳಿ ಕಳಿಸಿದ್ದರು.

ಮೊದಲ ಎರಡು ಭೇಟಿ ಸಾಲ, ಅತ್ತೆಯ ಕಾಯಿಲೆಗಳ ಮಾತಲ್ಲೇ ಕಳೆದವು. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ ಎಂದು ಅಭ್ಯಾಸ ಮಾಡಿಸಿದೆ. ಸಂಜೆಯ ಕಾಫಿ ಬಿಡಿಸಿದೆ. ಏನೂ ಬದಲಾಗಲಿಲ್ಲ.

ಮೂರನೆಯ ಸಲ ಒಬ್ಬರೇ ಬಂದರು. ಗಾರ್ಡ್ ಯಾವಾಗ ಹಾಕ್ಕೊತೀರಿ ಎಂದೆ.

"ಎಲ್ಲಾ ಮಲಗಿದ ಮೇಲೆ. ಬಾಗಿಲು ಹಾಕಿ, ರಾಗಿಹಿಟ್ಟಿನ ಡಬ್ಬಿ ತೆಗೆದು..." ಎಂದವರು ಮಾತು ನುಂಗಿಕೊಂಡರು. ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದರು. ನಾನು ಸುಮ್ಮನಿದ್ದೆ.

"ಮನಸ್ಸಿನ ಡಾಕ್ಟ್ರು ಕೊಟ್ಟ ಮಾತ್ರೆ ಮೇಡಂ. ಹಿಟ್ಟಿನೊಳಗೆ ಇಟ್ಟಿದೀನಿ, ಯಾರೂ ಕೈ ಹಾಕಲ್ಲ."

"ದಂತವೈದ್ಯರು ಕೇಳಲಿಲ್ವಾ?"

"ಕೇಳಿದ್ರು. ಇವ್ರು ಪಕ್ಕದಲ್ಲೇ ನಿಂತಿದ್ರು. ಯಾವ ಮಾತ್ರೆನೂ ಇಲ್ಲ ಅಂದ್ಬುಟ್ಟೆ."

ಮಾತ್ರೆ ಸರ್ಟ್ರಾಲಿನ್. ಶುರುವಾಗಿದ್ದು ಯುಗಾದಿ ಕಳೆದ ಮೇಲೆ, ಹಲ್ಲು ಕಡಿಯುವುದು ಅದರ ಮೂರು ವಾರಕ್ಕೆ. ಖಿನ್ನತೆಗೆ ಕೊಡುವ ಈ ಗುಂಪಿನ ಔಷಧಗಳು ಕೆಲವರಲ್ಲಿ ಹೀಗೆ ಮಾಡುತ್ತವೆ. ನಾನು ಮೊದಲ ದಿನವೇ ಆಕೆಯನ್ನು ಒಂಟಿಯಾಗಿ ಕೂರಿಸಿ ಕೇಳಬೇಕಿತ್ತು. ಆ ಎರಡು ಭೇಟಿ ಈಗಲೂ ಮನಸ್ಸನ್ನು ಕೊರೆಯುತ್ತವೆ.

"ಬಿಡು ಅನ್ಬೇಡಿ ಮೇಡಂ, ಆ ಮಾತ್ರೆಯಿಂದಲೇ ಎದ್ದು ಒಲೆ ಹಚ್ಚೋ ಹಂಗಾಗಿದೀನಿ" ಎಂದು ಕೈಮುಗಿದರು. ಬಿಡಬೇಡಿ ಎಂದೇ ಹೇಳಿದೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು, ಹಳೆಯ ಖಿನ್ನತೆಯೂ ಮರಳಬಹುದು. ಪ್ರಮಾಣ ತಗ್ಗಿಸುವುದೋ ಔಷಧ ಬದಲಿಸುವುದೋ ಮನೋವೈದ್ಯರ ತೀರ್ಮಾನ. ಹಲ್ಲಿನ ವಿಷಯ ಅವರಿಗೂ, ಮಾತ್ರೆಯ ವಿಷಯ ದಂತವೈದ್ಯರಿಗೂ ತಿಳಿಸಿ ಎಂದೆ.

ಗಂಡನಿಗೆ ಹೇಳಿ ಎಂದು ಒತ್ತಾಯಿಸಲಿಲ್ಲ. ಜೊತೆಯವರೊಬ್ಬರು ಇದನ್ನು ಆಕ್ಷೇಪಿಸಿದರು, ಗುಟ್ಟಿಟ್ಟುಕೊಂಡು ಸಂಸಾರ ನಡೆಯುತ್ತದೆಯೇ ಎಂದು. ಚಿಕಿತ್ಸೆಯ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಕಾಯ್ದೆ ಇರದಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ಹಿಟ್ಟಿನಲ್ಲಿ ಮಾತ್ರೆ ಹೂತಿಡುವಷ್ಟು ಹೆದರಿದವರಿಗೆ ಯಾವಾಗ ಬಾಯಿಬಿಡಬೇಕೆಂಬುದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎಲ್ಲರ ಹಲ್ಲು ಕಡಿತಕ್ಕೂ ಮಾತ್ರೆ ಕಾರಣವಲ್ಲ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ನಿದ್ರಾ ಪರೀಕ್ಷೆ ಬೇಕು. ತಂಬಾಕು, ಮದ್ಯ ಹಲ್ಲು ಕಡಿತವನ್ನು ಹೆಚ್ಚಿಸುತ್ತವೆ. ಮಕ್ಕಳಲ್ಲಿ ಬಹುಪಾಲು ಬೆಳೆಯುತ್ತಾ ತಾನೇ ಹೋಗುತ್ತದೆ. ಆದರೆ ಮನೆಯವರನ್ನು ಕರೆತರುವವರೇ, ವೈದ್ಯರು ಔಷಧದ ಬಗ್ಗೆ ಕೇಳುವಾಗ ದಯವಿಟ್ಟು ಐದು ನಿಮಿಷ ಹೊರಗೆ ಕೂತಿರಿ.

ಮನೋವೈದ್ಯರು ಪ್ರಮಾಣ ತಗ್ಗಿಸಿದರು. ತಿಂಗಳ ಮೇಲೆ ಬಂದಾಗ ದವಡೆ ಸಡಿಲವಾಗಿತ್ತು, ಮಕ್ಕಳು ನಿದ್ದೆಯಿಂದ ಏಳುತ್ತಿಲ್ಲ ಎಂದರು. ಡಬ್ಬಿಯ ಬಗ್ಗೆ ನಾನು ಕೇಳಲಿಲ್ಲ.